ಕನ್ನಡಕವನ್ನು ಕಳಚುವ ಮುನ್ನ

ಮಲೆನಾಡಿನಲ್ಲಿ ಕನ್ನಡಕ ಹಾಕುವವರ ಪಾಡನ್ನು ಬಯಲುಸೀಮೆಯವರು ಅರಿಯಲಾರರು. ಕುಪ್ಪಳ್ಳಿಯ ಸುತ್ತಿನ ನಮ್ಮ ಊರುಗಳಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಸರಿಯಾಗಿ ಬಿಡುವುದಿಲ್ಲ. ಆ ನಾಲ್ಕು ತಿಂಗಳೂ ಕನ್ನಡಕದ ಗಾಜಿಗೆ ಹೊರಗೆ ಹೋದರೆ ಹನಿ, ಒಳಗೆ ಬಂದರೆ ಆವಿ. ಬಚ್ಚಲೊಲೆಗೆ ಬೆಂಕಿ ಒಟ್ಟಲು ಬಗ್ಗಿದರೆ ಹೊಗೆ. ಗಂಜಿ ಬಸಿಯಲು ನಿಂತರೆ ಮಂಜು. ತೋಟಕ್ಕೆ ಇಳಿದರೆ ಅಡಿಕೆಯ ಸೋಗೆಯಿಂದ ತೊಟ್ಟಿಕ್ಕುವ ನೀರು. ನನ್ನ ಮಗಳು ತನ್ನ ಒಂಬತ್ತನೆಯ ವಯಸ್ಸಿನಿಂದಲೂ ಈ ಪಾಡನ್ನು ಪಟ್ಟವಳು. ಕಪ್ಪುಹಲಗೆಯ ಅಕ್ಷರ ಕಾಣದೆ ಪಕ್ಕದ ಹುಡುಗಿಯ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಾಳೆಂದು ಶಾಲೆಯ ಉಪಾಧ್ಯಾಯರು ಹೇಳಿಕಳುಹಿಸಿದಾಗಲೇ ನಮಗೆ ಅವಳ ದೃಷ್ಟಿದೋಷ ತಿಳಿದುದು. ಮೈನಸ್ ಒಂದರಿಂದ ಮೊದಲಾದ ಅವಳ ಗಾಜು ವರ್ಷವರ್ಷವೂ ಏರಿ, ಇಪ್ಪತ್ತೊಂದನೆಯ ವಯಸ್ಸಿಗೆ ಮೈನಸ್ ಐದಕ್ಕೆ ಬಂದು ನಿಂತಿತು. ಸಂಸ್ಕೃತ ಬಲ್ಲ ಹಿರಿಯರು ಕನ್ನಡಕವನ್ನು ಸುಲೋಚನವೆಂದು ಕರೆದರು. ಆ ಹೆಸರನ್ನಿಟ್ಟ ಪುಣ್ಯಾತ್ಮರು ಆಷಾಢದ ಮಳೆಯಲ್ಲಿ ಅದನ್ನು ಮೂಗಿನ ಮೇಲಿಟ್ಟುಕೊಂಡು ತೀರ್ಥಹಳ್ಳಿಯ ಪೇಟೆಗೆ ಹೋಗಿ ಬಂದವರಾಗಿರಲಾರರು.

ಕಳೆದ ವರ್ಷ ಅಡಿಕೆಯ ಕೊಯ್ಲಿಗೆ ಮುಂಚೆ ಮಗಳಿಗೆ ಒಂದು ಸಂಬಂಧ ಬಂದಿತು. ಬಂದವರು ಒಳ್ಳೆಯ ಮನೆತನದವರೆ, ಹುಡುಗನೂ ವಿನಯವಂತ. ಆದರೆ ಹೊರಡುವ ಹೊತ್ತಿನಲ್ಲಿ ಅವರ ಕಡೆಯ ಹಿರಿಯ ಹೆಂಗಸೊಬ್ಬರು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಹುಡುಗಿ ಲಕ್ಷಣವಾಗಿದ್ದಾಳಮ್ಮ. ಈಗ ಲೇಸರು ಅಂತ ಬಂದಿದೆಯಂತಲ್ಲ, ಹತ್ತು ನಿಮಿಷದ ಕೆಲಸವಂತೆ. ಮದುವೆಗೆ ಮುಂಚೆ ಆ ಕನ್ನಡಕ ಒಂದು ತೆಗೆಸಿಬಿಡಿ" ಎಂದು ಹೇಳಿ ಹೋದರು. ಹೆಂಡತಿ ಅತ್ತಳು, ನಾನು ಸಿಟ್ಟಾದೆ. ಮಗಳು ಮಾತ್ರ ಸಮಾಧಾನದಿಂದ, "ಅಪ್ಪಯ್ಯ, ಅವರು ಹೇಳದಿದ್ದರೂ ಎರಡು ವರ್ಷದಿಂದ ನನಗೇ ಆಸೆಯಿತ್ತು. ಖರ್ಚಿನ ಮಾತೆಂದು ಸುಮ್ಮನಿದ್ದೆ" ಎಂದಳು. ಆಸೆ ಅವಳದೇ ಆದ ಮೇಲೆ ನನ್ನ ಸಿಟ್ಟಿಗೆ ನೆಲೆಯಿರಲಿಲ್ಲ.

ಆಗ ನಮ್ಮ ಮನೆಯಲ್ಲಿ ತಂಗಿಯ ಮಗನೂ ಇದ್ದ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತ, ರಜೆಗೆಲ್ಲ ನಮ್ಮಲ್ಲಿಯೆ ಬರುವ ಹುಡುಗ. ಚಿಕ್ಕಂದಿನಿಂದ ನಾನೇ ಸಾಕಿದವನು. ಅವನಿಗೂ ಕನ್ನಡಕವುಂಟು. ಈ ಮಾತು ಕಿವಿಗೆ ಬಿದ್ದುದೇ ತಡ, "ಮಾವ, ನಾನು ಆಗಲೇ ಒಂದು ಕಡೆ ಮುಂಗಡ ಕಟ್ಟಿದ್ದೇನೆ. ಹಬ್ಬದ ರಿಯಾಯಿತಿಯಂತೆ. ಇಬ್ಬರು ಹೋದರೆ ಇನ್ನೂ ಕಡಿಮೆ ಮಾಡುತ್ತಾರಂತೆ" ಎಂದ. ದೂರದ ದೊಡ್ಡ ಪಟ್ಟಣವೊಂದರಲ್ಲಿ, ಅವನ ಕಣ್ಣನ್ನು ಒಂದು ಸಾರಿಯಾದರೂ ನೋಡದೆ, ದೂರವಾಣಿಯಲ್ಲಿಯೆ ದಿನ ಗೊತ್ತುಮಾಡಿ ಹಣ ತೆಗೆದುಕೊಂಡಿದ್ದರು! ಒಂದೆಕರೆ ತೋಟ ಕೊಳ್ಳುವುದಕ್ಕೂ ನಾವು ಮೂರು ಸಲ ಅಳತೆ ಮಾಡಿಸಿ ಗಡಿಕಲ್ಲು ನೋಡುತ್ತೇವೆ. ಜನ್ಮಕ್ಕೆ ಎರಡೇ ಇರುವ ಕಣ್ಣುಗಳ ವಿಷಯದಲ್ಲಿ ಅಳತೆ ಬೇಡವೆ? ಮೊದಲು ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ಇಬ್ಬರಿಗೂ ಪರೀಕ್ಷೆಯಾಗಲಿ, ಆಮೇಲೆ ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಬಹುದು ಎಂದು ನಾನು ಹಟ ಹಿಡಿದೆ. ಹುಡುಗ ಗೊಣಗುತ್ತಲೇ ಒಪ್ಪಿದ.

ಈ ಸಂಭಾಷಣೆಯನ್ನು ಜಗಲಿಯ ಮೂಲೆಯಿಂದ ಕೇಳುತ್ತಿದ್ದ ನನ್ನ ತಾಯಿ, "ನನಗೂ ಅದನ್ನೇ ಒಂದು ಮಾಡಿಸಿಬಿಡು, ಮಗಾ" ಎಂದರು. ಎಪ್ಪತ್ತೆಂಟು ವರ್ಷದ ಅವರ ಕಣ್ಣಿನಲ್ಲಿ ಪೊರೆ ಬಂದಿತ್ತು. ನಮ್ಮ ಕಡೆಯ ಅನೇಕರಿಗಿರುವ ತೊಡಕು ಇದೇ. ಲೇಸರ್ ಎಂಬ ಒಂದು ಹೆಸರನ್ನು ಮೂರು ಬೇರೆ ಬೇರೆ ಚಿಕಿತ್ಸೆಗಳಿಗೆ ಹಚ್ಚಿ ಮಾತನಾಡುತ್ತೇವೆ. ಮುಪ್ಪಿನಲ್ಲಿ ಕಣ್ಣಿನೊಳಗಿನ ಮಸೂರ ಮಸಕಾಗುವುದು ಪೊರೆ. ಅದನ್ನು ತೆಗೆದು ಕೃತಕ ಮಸೂರವಿಡುವುದು ಒಂದು ಚಿಕಿತ್ಸೆ. ಡಾಕ್ಟರ್ ಎಂ. ಸಿ. ಮೋದಿಯವರು (1916–2005) ಕರ್ನಾಟಕದ ಊರೂರುಗಳಲ್ಲಿ ಶಿಬಿರ ಹೂಡಿ ಲಕ್ಷಗಟ್ಟಲೆ ಬಡವರಿಗೆ ಮಾಡಿದುದು ಈ ಪೊರೆಯ ಶಸ್ತ್ರಚಿಕಿತ್ಸೆಯನ್ನೇ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಅಕ್ಷಿಪಟಲ ಕೆಡುತ್ತಿರುವಾಗ, ಉಳಿದ ದೃಷ್ಟಿಯನ್ನು ಕಾಪಾಡುವುದಕ್ಕಾಗಿ ಅಲ್ಲಿಗೆ ಲೇಸರ್ ಕಿರಣ ಹಾಯಿಸುವುದು ಎರಡನೆಯದು. ಆರೋಗ್ಯವಾಗಿರುವ ಕಣ್ಣಿನ ಮುಂಭಾಗವನ್ನು ತಿದ್ದಿ ಕನ್ನಡಕದ ಹಂಗು ತಪ್ಪಿಸುವುದು ಮೂರನೆಯದು. ಮೊದಲೆರಡು ರೋಗಕ್ಕೆ ಮದ್ದು, ಮಾಡಿಸಿಕೊಳ್ಳದಿದ್ದರೆ ಕೇಡು. ಮೂರನೆಯದು ಅನುಕೂಲಕ್ಕಾಗಿ ಮಾಡಿಸಿಕೊಳ್ಳತಕ್ಕದ್ದು. ಬಿಟ್ಟರೆ ಕೇಡೇನೂ ಇಲ್ಲ. ನಾನು ಇಲ್ಲಿ ಬರೆಯಹೊರಟಿರುವುದು ಈ ಮೂರನೆಯದರ ವಿಷಯ.

ಕಣ್ಣಿನ ಕರಿಗುಡ್ಡೆಯ ಮುಂದೆ, ಕೈಗಡಿಯಾರದ ಗಾಜಿನಂತೆ ಉಬ್ಬಿಕೊಂಡಿರುವ ಪಾರದರ್ಶಕವಾದ ಪಟಲವೊಂದುಂಟು. ಅದಕ್ಕೆ ಕಾರ್ನಿಯಾ ಎಂದು ಹೆಸರು. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು. ವೈದ್ಯರು ಇದನ್ನು ಮೈಕ್ರಾನುಗಳಲ್ಲಿ ಅಳೆಯುತ್ತಾರೆ. 1000 ಮೈಕ್ರಾನು ಸೇರಿದರೆ ಒಂದು ಮಿಲಿಮೀಟರು. ಸಾಮಾನ್ಯವಾದ ಕಾರ್ನಿಯಾ 540 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಸಮೀಪದೃಷ್ಟಿಯವರ ಕಣ್ಣುಗುಡ್ಡೆ ಹಿಂದುಮುಂದಾಗಿ ಉದ್ದವಾಗಿರುವುದರಿಂದ, ಹೊರಗಿನ ಬೆಳಕು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿಕೊಂಡು, ದೂರದ ವಸ್ತು ಕಲಸಿದಂತೆ ಕಾಣುತ್ತದೆ. ಕಾರ್ನಿಯಾದ ನಡುವನ್ನು ಇಷ್ಟೇ ಇಷ್ಟು ತೆಳುಮಾಡಿ ಚಪ್ಪಟೆಗೊಳಿಸಿದರೆ ಬೆಳಕು ತಕ್ಕ ಎಡೆಯಲ್ಲಿ ಕೂಡುತ್ತದೆ. ಲೇಸರ್ ಮಾಡುವ ಕೆಲಸ ಇಷ್ಟು. ಆದರೆ ತೆಗೆದ ಭಾಗ ಉಗುರಿನಂತೆ ಮತ್ತೆ ಬೆಳೆಯುವುದಿಲ್ಲ. ಕೆರೆಯ ಏರಿಯನ್ನು ನೆನೆಯಿರಿ. ಒಳಗಿನ ನೀರು ಸದಾ ಏರಿಯನ್ನು ಒತ್ತುತ್ತಿರುತ್ತದೆ. ದಪ್ಪವಾದ ಏರಿಯಿಂದ ನಾಲ್ಕು ಬುಟ್ಟಿ ಮಣ್ಣು ತೆಗೆದರೆ ಬಾಧೆಯಿಲ್ಲ. ತೆಳುವಾದ ಏರಿಯಿಂದ ಅಷ್ಟೇ ತೆಗೆದರೆ ಅದು ಉಬ್ಬುತ್ತದೆ. ಕಣ್ಣಿನೊಳಗೂ ಒತ್ತಡವುಂಟು. ಏರಿ ಎಷ್ಟು ದಪ್ಪ, ಎಲ್ಲಿ ಸಡಿಲ ಎಂದು ತಿಳಿಯದೆ ಗುದ್ದಲಿ ಹಾಕುವವನನ್ನು ಊರವರು ಏನೆಂದು ಕರೆದಾರು?

ಈ ವಿದ್ಯೆಯ ಹುಟ್ಟಿನಲ್ಲಿ ನಮ್ಮ ನೆರೆಯ ನಾಡಿನಲ್ಲಿ ಹುಟ್ಟಿದವರೊಬ್ಬರ ಕೈಯಿರುವುದನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ರಂಗಸ್ವಾಮಿ ಶ್ರೀನಿವಾಸನ್ ಎಂಬುವರು 1929ರಲ್ಲಿ ಮದರಾಸಿನಲ್ಲಿ ಹುಟ್ಟಿ, ಅಲ್ಲಿಯೇ ರಸಾಯನಶಾಸ್ತ್ರ ಕಲಿತು, ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. 1981ರ ನವೆಂಬರಿನಲ್ಲಿ, ಆ ದೇಶದವರ ಕೃತಜ್ಞತಾ ಹಬ್ಬದ ಮರುದಿನ, ಮನೆಯಲ್ಲಿ ಉಳಿದಿದ್ದ ಟರ್ಕಿಕೋಳಿಯ ತುಣುಕನ್ನು ಪ್ರಯೋಗಶಾಲೆಗೆ ಒಯ್ದು ಎಕ್ಸೈಮರ್ ಲೇಸರಿನ ಕೆಳಗಿಟ್ಟರು. ಕಣ್ಣಿಗೆ ಕಾಣದ ಆ ನೇರಳಾತೀತ ಕಿರಣ ಸುತ್ತಲಿನ ಅಂಗಾಂಶವನ್ನು ಸುಡದೆ, ಬೇಕಾದಷ್ಟನ್ನೇ ಚೊಕ್ಕವಾಗಿ ಕೊರೆದುದನ್ನು ಅವರೂ ಅವರ ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸ್ಯಾಮ್ಯುಯಲ್ ಬ್ಲಮ್ ಅವರೂ ಕಂಡುಕೊಂಡರು. 1983ರಲ್ಲಿ ನ್ಯೂಯಾರ್ಕಿನ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರೊಡನೆ ಸೇರಿ ಶ್ರೀನಿವಾಸನ್ನರು ಈ ಕಿರಣದಿಂದ ಕಾರ್ನಿಯಾವನ್ನು ತಿದ್ದಬಹುದೆಂದು ಪ್ರಕಟಿಸಿದರು. ಹಬ್ಬದ ಊಟದಲ್ಲಿ ಮಿಕ್ಕ ಒಂದು ತುಂಡು ಲೋಕದ ಎಷ್ಟೋ ಜನರ ಮೂಗಿನ ಮೇಲಿನ ಭಾರ ಇಳಿಸಿತು!

ಈಗ ರೂಢಿಯಲ್ಲಿರುವ ಬಗೆಗಳು ಮುಖ್ಯವಾಗಿ ಮೂರು. ಕಾರ್ನಿಯಾದ ತೀರ ಮೇಲಿನ ತೊಗಲನ್ನು ಸರಿಸಿ ತಿದ್ದುವುದು ಪಿ.ಆರ್.ಕೆ.; ಇದರಲ್ಲಿ ಮೊದಲ ಕೆಲವು ದಿನ ನೋವು ಹೆಚ್ಚು, ದೃಷ್ಟಿ ನಿಧಾನವಾಗಿ ತಿಳಿಯಾಗುತ್ತದೆ, ಆದರೆ ಮುಚ್ಚಳ ಜರುಗುವ ಭಯವಿಲ್ಲ. ಮೇಲಿನ ಪದರವನ್ನು ಪುಸ್ತಕದ ಹಾಳೆಯಂತೆ ಎತ್ತಿ, ಒಳಗೆ ತಿದ್ದಿ, ಮತ್ತೆ ಮುಚ್ಚುವುದು ಲೇಸಿಕ್. ಇದರಲ್ಲಿ ಮರುದಿನವೇ ಚೆನ್ನಾಗಿ ಕಾಣುತ್ತದೆ. ಮುಚ್ಚಳವನ್ನೇ ಎತ್ತದೆ, ಒಳಗೆ ಮಸೂರದ ಆಕಾರದ ತುಣುಕೊಂದನ್ನು ಕತ್ತರಿಸಿ ಕೆಲವೇ ಮಿಲಿಮೀಟರಿನ ಸೀಳಿನಿಂದ ಹೊರಗೆಳೆಯುವುದು ಸ್ಮೈಲ್. ಇವುಗಳಲ್ಲಿ ಯಾವುದು ಹೊಸದು, ಯಾವುದು ದುಬಾರಿ ಎಂದು ಕೇಳುವುದಕ್ಕಿಂತ ನನ್ನ ಕಣ್ಣಿಗೆ ಯಾವುದು ಹೊಂದುತ್ತದೆ, ಏಕೆ ಹೊಂದುತ್ತದೆ ಎಂದು ಕೇಳುವುದು ಜಾಣತನ. ಮೂರೂ ಹೊಂದದವರಿಗೆ, ಸಹಜ ಮಸೂರವನ್ನು ತೆಗೆಯದೆಯೆ ಕಣ್ಣಿನೊಳಗೆ ಇನ್ನೊಂದು ತೆಳು ಮಸೂರವನ್ನು ಕೂರಿಸುವ ಬೇರೊಂದು ವಿಧಾನವೂ ಉಂಟು.

ನವೆಂಬರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೋದೆ. ಮಗಳು ಮದುವೆ ಮುಂಜಿಗಳಿಗೆ ಹೋಗುವಾಗ ಕಣ್ಣಿನೊಳಗಿಡುವ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಬಳಸುತ್ತಿದ್ದಳು. ಅದು ಕಾರ್ನಿಯಾದ ಆಕಾರವನ್ನು ಒತ್ತಿ ಬದಲಿಸಿರುತ್ತದಾದ ಕಾರಣ, ಪರೀಕ್ಷೆಗೆ ಎರಡು ವಾರ ಮುಂಚೆಯೇ ಬಿಡಬೇಕೆಂದು ಆಸ್ಪತ್ರೆಯವರು ಮೊದಲೇ ತಿಳಿಸಿದ್ದರು. ಗಟ್ಟಿಯಾದ ಲೆನ್ಸ್ ಬಳಸುವವರು ಇನ್ನೂ ಹೆಚ್ಚು ಕಾಲ ಬಿಡಬೇಕಾಗುತ್ತದೆ. ಪರೀಕ್ಷೆಗೆ ಅರ್ಧ ದಿನವೇ ಹಿಡಿಯಿತು. ಗಾಜಿನ ಸಂಖ್ಯೆ, ಕಣ್ಣಿನ ಒತ್ತಡ, ಕಣ್ಣೀರಿನ ಪ್ರಮಾಣ, ಕತ್ತಲಲ್ಲಿ ಪಾಪೆ ಎಷ್ಟು ಅಗಲವಾಗುತ್ತದೆಂಬುದು, ಕಾರ್ನಿಯಾದ ದಪ್ಪ, ಎಲ್ಲವನ್ನೂ ಅಳೆದರು. ಒಂದು ಯಂತ್ರವಂತೂ ಕಾರ್ನಿಯಾದ ಏರುತಗ್ಗುಗಳನ್ನೆಲ್ಲ ಬಣ್ಣಬಣ್ಣದ ಭೂಪಟದಂತೆ ಬರೆದು ಕೊಟ್ಟಿತು. ಕೊನೆಗೆ ಪಾಪೆ ಅರಳಿಸುವ ಹನಿ ಹಾಕಿ, ಹಿಂದಿನ ಅಕ್ಷಿಪಟಲದಲ್ಲಿ ಎಲ್ಲಿಯಾದರೂ ತೆಳುವಾಗಿದೆಯೆ, ಹರಿದಿದೆಯೆ ಎಂದು ನೋಡಿದರು. ಆ ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಕಾಣುವುದಿಲ್ಲ, ಬಿಸಿಲು ಚುಚ್ಚುತ್ತದೆ. ಜೊತೆಗೊಬ್ಬರು ಇರಬೇಕು, ತಾನೇ ವಾಹನ ನಡೆಸಕೂಡದು.

ವೈದ್ಯೆ ಮೊದಲು ಮಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ಅವಳ ಕಾರ್ನಿಯಾ 548 ಮೈಕ್ರಾನು. ಮುಚ್ಚಳಕ್ಕೆ ಹೋಗುವುದು 110. ಒಂದೊಂದು ಸಂಖ್ಯೆಗೆ ಹೆಚ್ಚುಕಡಮೆ 14ರಂತೆ ಮೈನಸ್ ಐದಕ್ಕೆ ತೆಗೆಯಬೇಕಾದುದು 70. ಉಳಿಯುವುದು 368. "ಅಡಿಯಲ್ಲಿ 250 ಮೈಕ್ರಾನಿಗೆ ಕಡಿಮೆ ಉಳಿಸಬಾರದೆಂಬುದು ಹಳೆಯ ನಿಯಮ. ಅನೇಕ ವೈದ್ಯರು 300 ಇರಲಿ ಎನ್ನುತ್ತಾರೆ. ನಿಮ್ಮ ಮಗಳಿಗೆ ಧಾರಾಳವಾಗಿದೆ" ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಕಣ್ಣಿಗೂ ಸಲ್ಲುವುದೆಂದು ನನಗೆ ಅಂದು ತಿಳಿಯಿತು.

ಹುಡುಗನ ಕಾಗದವನ್ನು ಅವರು ಬಹಳ ಹೊತ್ತು ನೋಡಿದರು. ಭೂಪಟದಲ್ಲಿ ಎರಡು ಕಣ್ಣಿನ ಕೆಳಭಾಗದಲ್ಲಿಯೂ ಕೆಂಪು ಬಣ್ಣದ ಮಚ್ಚೆಯಿತ್ತು. "ನೀವು ಕಣ್ಣು ಉಜ್ಜಿಕೊಳ್ಳುತ್ತೀರಾ?" ಎಂದು ಕೇಳಿದರು. ಹುಡುಗ ಉತ್ತರ ಕೊಡುವ ಮುಂಚೆಯೇ ನನ್ನ ಎದೆ ಧಸಕ್ಕೆಂದಿತು. ಚಿಕ್ಕಂದಿನಿಂದಲೂ ಅವನಿಗೆ ಕಣ್ಣು ತುರಿಸುವುದು. ಅಡಿಕೆ ಸುಲಿಯುವ ಕಾಲದಲ್ಲಿ, ಹುಲ್ಲಿನ ಧೂಳೆದ್ದಾಗ, ಓದಿ ಬೇಸತ್ತಾಗ, ಎರಡು ಮುಷ್ಟಿಯನ್ನೂ ಕಣ್ಣಿಗೆ ಒತ್ತಿ ಗರಗರನೆ ಉಜ್ಜಿಕೊಳ್ಳುವುದನ್ನು ನಾವೆಲ್ಲ ನೋಡಿ ನಕ್ಕದ್ದುಂಟು. ವೈದ್ಯೆ ಮೆಲ್ಲಗೆ ಹೇಳಿದರು: "ಕೆರಟೋಕೋನಸ್ ಎನ್ನುತ್ತಾರೆ. ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುತ್ತಿದೆ. ಇವರಿಗೆ ಲೇಸರಿನಿಂದ ಕನ್ನಡಕ ತೆಗೆಯುವಂತಿಲ್ಲ." ಹುಡುಗ, "ಅಲ್ಲಿ ಆಗುತ್ತದೆ ಎಂದಿದ್ದರಲ್ಲ, ಡಾಕ್ಟರೇ" ಎಂದ. "ನಿಮ್ಮ ಕಣ್ಣನ್ನು ನೋಡಿ ಹೇಳಿದರೆ?" ಎಂದು ಅವರು ಕೇಳಿದರು. ಅವನು ತಲೆ ತಗ್ಗಿಸಿದ.

ಹಿಂದಿರುಗುವಾಗ ಬಸ್ಸು ಮಂಡಗದ್ದೆಯಲ್ಲಿ ನಿಂತಿತು. ತುಂಗೆ ಪಕ್ಕದಲ್ಲಿಯೇ ಹರಿಯುತ್ತಿದ್ದಳು. ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕುಳಿತವನು, "ಅವಳಿಗೆ ಆಗುತ್ತದೆ, ನನಗೇಕಾಗುವುದಿಲ್ಲ, ಮಾವ?" ಎಂದ. ಉತ್ತರ ಹೇಳಲು ನನಗೆ ನಾಲಗೆ ಬರಲಿಲ್ಲ. ಅವನ ಹದಿನಾರನೆಯ ವಯಸ್ಸಿನಿಂದ ವರ್ಷಕ್ಕೊಂದು ಕನ್ನಡಕ ಕೊಡಿಸಿದವನು ನಾನು. ಚೀಟಿಯಲ್ಲಿ ಸಿಲಿಂಡರ್ ಎಂದು ಬರೆದಿರುವ ಸಂಖ್ಯೆ ಅರ್ಧ, ಒಂದೂವರೆ, ಎರಡೂವರೆ ಎಂದು ಏರುತ್ತ ಬಂದುದನ್ನು ಕಂಡೂ, ಗಾಜಿನ ಹಣ ತೆತ್ತೆನೇ ಹೊರತು ಏಕೆ ಏರುತ್ತಿದೆಯೆಂದು ಕೇಳಲಿಲ್ಲ. ತೋಟದ ಒಂದು ಮರದ ಸುಳಿ ಬಾಡಿದರೆ ಮೂವರನ್ನು ವಿಚಾರಿಸುವ ನಾನು ಮನೆಯ ಹುಡುಗನ ಕಣ್ಣಿನ ವಿಷಯದಲ್ಲಿ ಅಷ್ಟು ಅಲಕ್ಷ್ಯ ಮಾಡಿದೆ. ಈ ಲೇಖನವನ್ನು ಓದುವ ಗೃಹಸ್ಥರು ಬೇರೇನನ್ನು ಮರೆತರೂ ಇದೊಂದನ್ನು ನೆನಪಿಡಲಿ: ಹದಿಹರೆಯದ ಮಕ್ಕಳ ಸಿಲಿಂಡರ್ ಸಂಖ್ಯೆ ವರ್ಷವರ್ಷವೂ ಏರುತ್ತಿದ್ದರೆ, ಅವರು ಕಣ್ಣು ಉಜ್ಜಿಕೊಳ್ಳುವ ಅಭ್ಯಾಸದವರಾಗಿದ್ದರೆ, ಕಾರ್ನಿಯಾದ ಭೂಪಟ ತೆಗೆಸಿರಿ. ಲೇಸರಿನ ಆಲೋಚನೆ ಇಲ್ಲದಿದ್ದರೂ ತೆಗೆಸಿರಿ.

ಹುಡುಗನಿಗೆ ಚಿಕಿತ್ಸೆಯಿಲ್ಲವೆಂದಲ್ಲ. ಡಿಸೆಂಬರಿನಲ್ಲಿ ಅವನಿಗೆ ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಮಾಡಿದರು. ಬಿ-2 ಜೀವಸತ್ವದ ಹಳದಿ ಹನಿಯನ್ನು ಕಣ್ಣಿಗೆ ಹಾಕಿ, ಅದರ ಮೇಲೆ ಅಳತೆಯ ನೇರಳಾತೀತ ಬೆಳಕು ಬಿಟ್ಟು, ಕಾರ್ನಿಯಾದ ಎಳೆಗಳನ್ನು ಬಿಗಿಗೊಳಿಸುವುದು ಅದರ ಕ್ರಮ. ಕನ್ನಡಕ ತೆಗೆಯುವುದು ಅದರ ಗುರಿಯಲ್ಲ. ರೋಗ ಮುಂದುವರಿಯದಂತೆ ತಡೆಯುವುದು ಗುರಿ. ಅದೇ ಕಣ್ಣಿನ ಮೇಲೆ ಲೇಸರ್ ಹಾಯಿಸಿ ಇನ್ನಷ್ಟು ತೆಳುಮಾಡಿದ್ದರೆ ಉಬ್ಬು ಬೇಗಬೇಗನೆ ಬೆಳೆದು, ಕೊನೆಗೆ ಕನ್ನಡಕದಿಂದಲೂ ಕಾಣದಂತಾಗುವ ಸಂಭವವಿತ್ತು. ಅಂಥ ಸ್ಥಿತಿಯಲ್ಲಿ ಗತಿಯಾಗುವವರು ಸತ್ತ ಮೇಲೆ ಕಣ್ಣು ಕೊಡುವ ಪುಣ್ಯವಂತರು. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಮೇಲ್ಪದರ, ಒಳಪದರ ಎಂದು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟುದನ್ನು ಕನ್ನಡಿಗರು ಮರೆತಿಲ್ಲ. ಅರ್ಧ ಮಿಲಿಮೀಟರಿನ ಆ ಪಟಲ ಎಷ್ಟು ಅಮೂಲ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ದೂರದ ಪಟ್ಟಣದವರು ಮುಂಗಡದಲ್ಲಿ ಅರ್ಧ ಹಿಂದಿರುಗಿಸಿದರು. ಉಳಿದರ್ಧವನ್ನು ನಾನು ಬುದ್ಧಿ ಕಲಿತ ಶುಲ್ಕವೆಂದು ಬರೆದುಕೊಂಡೆ.

ಮಗಳಿಗೆ ಜನವರಿಯಲ್ಲಿ ಲೇಸಿಕ್ ಆಯಿತು. ಮಳೆಗಾಲದಲ್ಲಿ ಬೇಡವೆಂದು ನಾವೇ ನಿಶ್ಚಯಿಸಿದ್ದೆವು. ಮರುದಿನದ ಪರೀಕ್ಷೆ, ವಾರದ ಪರೀಕ್ಷೆ, ತಿಂಗಳ ಪರೀಕ್ಷೆಗಳಿಗೆ ತಪ್ಪದೆ ಹೋಗಬೇಕಾದವರು ನಮ್ಮ ಕಡೆಯ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ. ಅವಳು ಹೇಳಿದ ಪ್ರಕಾರ, ಹನಿಯ ಮದ್ದಿನಿಂದ ಕಣ್ಣು ಮರಗಟ್ಟಿದುದರಿಂದ ನೋವಿರಲಿಲ್ಲ. ಮುಚ್ಚಳ ಬಿಡಿಸುವಾಗ ಕಣ್ಣನ್ನು ಅದುಮಿ ಹಿಡಿದಂತಾಗಿ ಕೆಲವು ಕ್ಷಣ ಎಲ್ಲ ಕಪ್ಪಾಯಿತು. ಹಾಗಾಗುವುದೆಂದು ಮೊದಲೇ ತಿಳಿದಿದ್ದುದರಿಂದ ಬೆದರಲಿಲ್ಲ. ಆಮೇಲೆ ಒಂದು ಬೆಳಕಿನ ಚುಕ್ಕೆಯನ್ನು ನೆಟ್ಟನೋಟದಿಂದ ನೋಡುತ್ತಿರಬೇಕು. ಕೂದಲು ಸುಟ್ಟಂಥ ವಾಸನೆ ಬರುತ್ತದೆ. ಒಂದೊಂದು ಕಣ್ಣಿಗೂ ಕಿರಣ ಹಾಯುವ ಕಾಲ ಒಂದು ನಿಮಿಷಕ್ಕಿಂತ ಕಡಿಮೆ. ಸಂಜೆಯವರೆಗೆ ಮೆಣಸಿನಕಾಯಿ ಬಿದ್ದಂತೆ ಉರಿ, ನೀರು. ಮರುದಿನ ಬೆಳಿಗ್ಗೆ ಎದ್ದವಳು ರೂಢಿಯಂತೆ ದಿಂಬಿನ ಪಕ್ಕ ಕನ್ನಡಕಕ್ಕಾಗಿ ತಡಕಾಡಿ, ಎದುರುಗೋಡೆಯ ಗಡಿಯಾರ ಕಂಡು ಗಟ್ಟಿಯಾಗಿ ನಕ್ಕಳಂತೆ.

ಆದರೆ ನಿಜವಾದ ವ್ರತ ಅಲ್ಲಿಂದ ಮೊದಲು. ಎತ್ತಿ ಮುಚ್ಚಿದ ಪದರ ಜರುಗದಂತೆ ರಾತ್ರಿಯ ಹೊತ್ತು ಒಂದು ವಾರ ಕಣ್ಣಿಗೆ ಗುರಾಣಿ ಕಟ್ಟಿ ಮಲಗಬೇಕು. ಉಜ್ಜಿಕೊಳ್ಳುವ ಮಾತೇ ಇಲ್ಲ. ತಲೆಗೆ ನೀರು ಹಾಕುವಾಗ ಕಣ್ಣಿಗೆ ಹನಿ ಬೀಳಕೂಡದು; ಒಂದು ತಿಂಗಳು ಹೊಳೆಯಲ್ಲಿ, ಕೆರೆಯಲ್ಲಿ ಮುಳುಗಕೂಡದು; ಕೆಲವು ವಾರ ಕಾಡಿಗೆ ಹಚ್ಚಕೂಡದು. ಒಲೆಯ ಹೊಗೆಯಿಂದ ದೂರವಿರಬೇಕು. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಔಷಧ ಹೊಡೆಯುವ ಕಾಲವಾಗಿದ್ದರೆ ತೋಟದ ಕಡೆಗೇ ಸುಳಿಯಬಾರದು. ಮೊದಲ ತಿಂಗಳುಗಳಲ್ಲಿ ರಾತ್ರಿ ದೀಪಗಳ ಸುತ್ತ ಅವಳಿಗೆ ಬಳೆಯಂಥ ಪ್ರಭೆ ಕಾಣುತ್ತಿತ್ತು. ಎದುರಿಂದ ಬರುವ ಲಾರಿಯ ಬೆಳಕು ಹರಡಿಕೊಳ್ಳುತ್ತಿತ್ತು. ಕಣ್ಣು ಒಣಗಿ ಮರಳು ಬಿದ್ದಂತಾಗುವುದೂ ಇತ್ತು. ಕಾರ್ನಿಯಾದ ನವಿರಾದ ನರಗಳು ಕತ್ತರಿಸಿ ಹೋಗಿ ಮತ್ತೆ ಬೆಳೆಯುವತನಕ ಹೀಗಾಗುತ್ತದಂತೆ. ಅವಳಿಗೆ ಇವೆರಡೂ ಆರು ತಿಂಗಳಲ್ಲಿ ಬಹುಮಟ್ಟಿಗೆ ಇಳಿದಿವೆ. ಕೆಲವರಿಗೆ ದೀರ್ಘಕಾಲ ಉಳಿಯುವುದೂ ಉಂಟು. ರಾತ್ರಿ ವಾಹನ ನಡೆಸಿ ಬದುಕುವವರು, ಮೊದಲೇ ಒಣಗಣ್ಣಿನವರು ಈ ಮಾತನ್ನು ವೈದ್ಯರೊಡನೆ ಬಿಚ್ಚಿ ಆಡಬೇಕು.

ಇನ್ನು ಲೇಸರಿನಿಂದ ಆಗದಿರುವುದನ್ನೂ ಹೇಳಿಬಿಡುತ್ತೇನೆ. ಅದು ತಿದ್ದುವುದು ಕಣ್ಣಿನ ಬಾಗಿಲನ್ನು. ಒಳಮನೆ ಹಾಗೆಯೇ ಉಳಿಯುತ್ತದೆ. ಉದ್ದವಾಗಿ ಬೆಳೆದ ಕಣ್ಣುಗುಡ್ಡೆ ಗಿಡ್ಡವಾಗುವುದಿಲ್ಲ. ಹೆಚ್ಚಿನ ಮೈನಸ್ ಇದ್ದವರಿಗೆ ಅಕ್ಷಿಪಟಲ ಹರಿಯುವ, ಕಳಚುವ ಭಯ ಕನ್ನಡಕ ಹೋದ ಮೇಲೆಯೂ ಇದ್ದೇ ಇರುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಹಿಂಭಾಗದ ಪರೀಕ್ಷೆ ತಪ್ಪಿಸಬಾರದು. ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಗೇ ತೇಲಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ನಲವತ್ತು ದಾಟಿದ ಮೇಲೆ ಓದುವುದಕ್ಕೆ ಬೇಕಾಗುವ ಚಾಳೀಸು ಲೇಸರ್ ಮಾಡಿಸಿಕೊಂಡವರನ್ನೂ ಬಿಡುವುದಿಲ್ಲ. ಸ್ವಲ್ಪ ಸಂಖ್ಯೆ ಮರಳಿ ಬರುವುದೂ ಉಂಟು. ಮುಂದೆ ಮುಪ್ಪಿನಲ್ಲಿ ಪೊರೆ ತೆಗೆಸುವಾಗ ಕೃತಕ ಮಸೂರದ ಲೆಕ್ಕಕ್ಕೆ ಈಗಿನ ಅಳತೆಗಳು ಬೇಕಾಗುತ್ತವೆ. ಶಸ್ತ್ರಚಿಕಿತ್ಸೆಗೆ ಹಿಂದಿನ ಕಾಗದಗಳನ್ನೆಲ್ಲ ತೋಟದ ಪಹಣಿಯಷ್ಟೇ ಜೋಪಾನವಾಗಿ ಇಡತಕ್ಕದ್ದು. ನಾನು ಅವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಯಾರು ಕಾಯಬೇಕು ಎಂಬುದೂ ತಿಳಿದಿರಲಿ. ಹದಿನೆಂಟು ತುಂಬದವರಿಗೆ ಸಲ್ಲದು. ತುಂಬಿದ್ದರೂ ಸಂಖ್ಯೆ ಕಡೆಯ ಪಕ್ಷ ಒಂದು ವರ್ಷವಾದರೂ ಒಂದೇ ಕಡೆ ನಿಂತಿರಬೇಕು. ಹಳೆಯ ಚೀಟಿಗಳನ್ನು ಬಿಸಾಡದೆ ಒಯ್ದು ತೋರಿಸಿದರೆ ವೈದ್ಯರಿಗೆ ಇದು ಒಡನೆಯೆ ತಿಳಿಯುತ್ತದೆ. ಬಸುರಿಯರಲ್ಲಿಯೂ ಹಾಲೂಡಿಸುವ ತಾಯಂದಿರಲ್ಲಿಯೂ ಕಣ್ಣಿನ ಸಂಖ್ಯೆ ಏರಿಳಿಯುವುದರಿಂದ ಅವರು ಕಾಯಬೇಕು. ಮೊಡವೆಗೆಂದು ಐಸೊಟ್ರೆಟಿನಾಯಿನ್ ಗುಳಿಗೆ ನುಂಗುವವರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರು, ಸಂಧಿವಾತದಂಥ ರೋಗಗಳಿಗೆ ಮದ್ದು ತೆಗೆದುಕೊಳ್ಳುವವರು ಅದನ್ನು ಬಚ್ಚಿಡದೆ ಹೇಳಬೇಕು. ಮದುವೆಯ ದಿನ ಎದುರಿಗಿಟ್ಟುಕೊಂಡು ಅವಸರದಿಂದ ಮಾಡಿಸುವುದಂತೂ ಸರ್ವಥಾ ಬೇಡ. ಖರ್ಚಿನ ವಿಷಯದಲ್ಲಿ, ಹೇಳಿದ ಹಣದಲ್ಲಿ ಪರೀಕ್ಷೆ, ಹನಿ, ಮರುಭೇಟಿಗಳು, ಸಂಖ್ಯೆ ಉಳಿದರೆ ಮರಳಿ ತಿದ್ದುವುದು, ಇವೆಲ್ಲ ಸೇರಿವೆಯೆ ಎಂದು ಬರೆಸಿಕೊಳ್ಳಿರಿ. ಆರೋಗ್ಯವಿಮೆಯಿದೆಯೆಂದು ನೆಚ್ಚಿ ಹೋಗಬೇಡಿರಿ, 7.5 ಡಯಾಪ್ಟರಿಗಿಂತ ಕಡಿಮೆಯ ದೋಷದ ತಿದ್ದುಪಡಿಗೆ ನಮ್ಮ ದೇಶದ ವಿಮೆಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಎಲ್ಲಕ್ಕಿಂತ ಮೇಲಾಗಿ, ನಿಮ್ಮ ಕಣ್ಣಿಗೆ ಇದು ಬೇಡ ಎಂದು ಹೇಳುವ ವೈದ್ಯರು ಸಿಕ್ಕಿದರೆ, ಆಗುತ್ತದೆ ಎನ್ನುವ ಇನ್ನೊಬ್ಬರನ್ನು ಹುಡುಕಿಕೊಂಡು ಹೊರಡಬೇಡಿರಿ.

ಸಂಬಂಧದ ಮಾತನ್ನು ಅರ್ಧಕ್ಕೇ ಬಿಟ್ಟೆನಲ್ಲವೆ? ಫೆಬ್ರವರಿಯಲ್ಲಿ ಅವರ ಕಡೆಯಿಂದ ಮತ್ತೆ ಹೇಳಿಕಳುಹಿಸಿದರು. ಮಗಳು ಹುಡುಗನೊಡನೆ ತಾನೇ ಮಾತನಾಡಬೇಕೆಂದಳು. ದೂರವಾಣಿಯಲ್ಲಿ ಅವಳು ಹೇಳಿದುದನ್ನು ನಾನು ಪಕ್ಕದ ಕೋಣೆಯಿಂದ ಕೇಳಿದೆ: "ಕನ್ನಡಕ ಹೋಗಿದೆ. ಮೈನಸ್ ಐದರ ಕಣ್ಣು ಒಳಗೆ ಹಾಗೆಯೇ ಇದೆ. ನಾಳೆ ಮಕ್ಕಳಿಗೂ ಬರಬಹುದು. ಇದನ್ನು ತಿಳಿದು ಒಪ್ಪುವುದಾದರೆ ಒಪ್ಪಿ." ಆ ಕಡೆ ಸ್ವಲ್ಪ ಹೊತ್ತು ಮೌನ, ಬಳಿಕ ನಗು. ಹುಡುಗನಿಗೂ ಮೈನಸ್ ಎರಡಂತೆ! ಹೆಣ್ಣು ನೋಡಲು ಬಂದ ದಿನ, ಆ ಹಿರಿಯರ ಒತ್ತಾಯಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಬಂದಿದ್ದನಂತೆ! ಮದುವೆ ಬರುವ ಮಾಘಕ್ಕೆಂದು ನಿಶ್ಚಯವಾಗಿದೆ. ಧಾರೆಯ ಹೊತ್ತಿನಲ್ಲಿ ಅವನು ಕನ್ನಡಕ ಹಾಕಿಕೊಂಡೇ ಕೂರುತ್ತಾನಂತೆ; ಅದು ಮಗಳ ಕರಾರು.

ಈಗ ಮತ್ತೆ ಮಳೆ ಹಿಡಿದಿದೆ. ಮಗಳು ಗಾಜು ಒರಸುವ ಗೋಜಿಲ್ಲದೆ ತೋಟಕ್ಕೆ ಹೋಗಿಬರುತ್ತಾಳೆ. ಹುಡುಗ ಹೊಸ ಕನ್ನಡಕವನ್ನು ಒರಸಿಕೊಳ್ಳುತ್ತ ಹಿಂದೆ ಹೋಗುತ್ತಾನೆ. ಕಣ್ಣು ತುರಿಸಿದರೆ ಕೈಯೆತ್ತುವುದಿಲ್ಲ, ತಣ್ಣೀರಿನ ಬಟ್ಟೆ ಇಟ್ಟುಕೊಳ್ಳುತ್ತಾನೆ. ಎರಡು ಪರೀಕ್ಷೆಯಲ್ಲಿಯೂ ಅವನ ಸಂಖ್ಯೆ ಏರಿಲ್ಲ. ಮೊನ್ನೆ ಮಳೆ ಹೊಳವಾದ ಒಂದು ಸಂಜೆ ಇಬ್ಬರೂ ಕವಿಶೈಲಕ್ಕೆ ಹೋಗಿ ಬಂದು, ಪಡುವಣ ಬೆಟ್ಟಸಾಲಿನ ಮೇಲೆ ಸೂರ್ಯ ಇಳಿದ ಬಗೆಯನ್ನು ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತ ಹೇಳಿದರು. ಬೇಸಗೆಯಲ್ಲಿ ಪೊರೆ ತೆಗೆಸಿಕೊಂಡ ನನ್ನ ತಾಯಿಯಂತೂ ಜಗಲಿಯಲ್ಲಿ ಕುಳಿತಲ್ಲಿಂದಲೇ ಮನೆಯ ಮೂಲೆಮೂಲೆಯ ಜೇಡರಬಲೆಯನ್ನು ಲೆಕ್ಕಹಾಕಿ, "ಇಷ್ಟು ವರ್ಷ ಈ ಮನೆಯಲ್ಲಿ ಗುಡಿಸುವವರೇ ಇರಲಿಲ್ಲವೇನೊ!" ಎನ್ನುತ್ತಿದ್ದಾರೆ. ಇದನ್ನು ಬರೆಯುವುದಕ್ಕೆಂದು ನಾನು ಚಾಳೀಸು ಹುಡುಕುತ್ತಿದ್ದಾಗ, ಅದು ನನ್ನ ಹಣೆಯ ಮೇಲೆಯೇ ಇದೆಯೆಂದು ದೂರದಿಂದ ಕಂಡು ಹೇಳಿದವರೂ ಅವರೆ.